ಮಿಡ್‌ವೈಫ್ ತಂಡದ ಹೆರಿಗೆ ಆರೈಕೆ: ಎರಡು ವ್ಯವಸ್ಥೆಗಳನ್ನು ಕಂಡವಳ ವಿಮರ್ಶೆ

ಹೆರಿಗೆ ಮಾಡಿಸಲು ತರಬೇತಿ ಪಡೆದ ಮಿಡ್‌ವೈಫ್‌ಗಳ ಚಿಕ್ಕ ತಂಡವೊಂದು ಬಸಿರಿನ ಮೊದಲ ತಪಾಸಣೆಯಿಂದ ಹಿಡಿದು ಹೆರಿಗೆಯಾಗಿ ಆರು ವಾರ ಕಳೆಯುವವರೆಗೆ ಒಬ್ಬ ಹೆಣ್ಣಿನ ಆರೈಕೆಯನ್ನು ತಾನೇ ನೋಡಿಕೊಳ್ಳುವ ವ್ಯವಸ್ಥೆಯನ್ನು ನಾನು ನನ್ನ ಎರಡನೆಯ ಹೆರಿಗೆಗೆ ಆರಿಸಿಕೊಂಡೆ. ಮೊದಲ ಹೆರಿಗೆ ಆಗಿದ್ದು ಪಾಳಿಯ ಮೇಲೆ ಸಿಬ್ಬಂದಿ ಬದಲಾಗುವ ದೊಡ್ಡ ಆಸ್ಪತ್ರೆಯೊಂದರ ವಾರ್ಡಿನಲ್ಲಿ. ಅಲ್ಲಿಯೂ ನನ್ನನ್ನು ನೋಡಿಕೊಂಡವರು ಹೆಚ್ಚಾಗಿ ಮಿಡ್‌ವೈಫ್‌ಗಳೇ. ಹಾಗಾಗಿ ಮಿಡ್‌ವೈಫ್ ಬೇಕೋ ವೈದ್ಯರು ಬೇಕೋ ಎಂಬ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಹೆಚ್ಚುಕಡಿಮೆ ಒಂದೇ ವಿದ್ಯೆ ಕಲಿತವರು ಎರಡು ಬಗೆಯ ವ್ಯವಸ್ಥೆಗಳೊಳಗೆ ಕೆಲಸ ಮಾಡಿದಾಗ, ಹೆರಿಗೆ ಮಂಚದ ಮೇಲಿರುವವಳಿಗೆ ಆ ಆರೈಕೆ ಎಷ್ಟು ಬೇರೆಬೇರೆಯಾಗಿ ಕಾಣುತ್ತದೆ ಎಂಬುದನ್ನು ಹೇಳುವುದು ನನ್ನ ಉದ್ದೇಶ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ತಂಡದ ಆರೈಕೆ ಬಸಿರಿನಲ್ಲಿಯೂ ಹೆರಿಗೆಯಲ್ಲಿಯೂ ತುಂಬ ಚೆನ್ನಾಗಿತ್ತು, ಬಾಣಂತನದಲ್ಲಿ ಸಾಲದಾಗಿತ್ತು.

ಬಸಿರಿನ ತಪಾಸಣೆಗಳಲ್ಲಿ ಮಾಡುವ ಕೆಲಸ ಎಲ್ಲ ಕಡೆಯೂ ಒಂದೇ. ರಕ್ತದೊತ್ತಡ ನೋಡುತ್ತಾರೆ, ಮೂತ್ರ ಪರೀಕ್ಷೆ ಮಾಡುತ್ತಾರೆ, ಟೇಪು ಹಿಡಿದು ಹೊಟ್ಟೆಯ ಎತ್ತರ ಅಳೆಯುತ್ತಾರೆ, ಮಗುವಿನ ಎದೆಬಡಿತ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಬಸಿರಿನ ಅವಧಿಯಲ್ಲಿ ಕನಿಷ್ಠ 8 ಭೇಟಿಗಳಾದರೂ ಆಗಬೇಕೆಂದು ಹೇಳಿದೆ. ನನ್ನ ಎರಡೂ ಬಸಿರುಗಳಲ್ಲಿ ಭೇಟಿಗಳಿಗೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಮೊದಲನೆಯದರಲ್ಲಿ ಮಾತಿಗೆ. ಪ್ರತಿ ಸಲವೂ ಹೊಸ ಮುಖ, ಪ್ರತಿ ಸಲವೂ ಮೊದಲಿನಿಂದ ಅದೇ ಪ್ರಶ್ನೆಗಳು, ಉತ್ತರ ಬರೆದುಕೊಳ್ಳುವವರ ಕಣ್ಣು ಕಾಗದದ ಮೇಲೆ. ಹೊಟ್ಟೆ ಅಳೆದ ಮೇಲೆ ಆ ಅಳತೆ ಸರಿಯಿದೆಯೋ ಇಲ್ಲವೋ ಎಂದು ಯಾರೂ ಹೇಳುತ್ತಿರಲಿಲ್ಲ, ನಾನೇ ಕೇಳಬೇಕಾಗುತ್ತಿತ್ತು.

ತಂಡದ ಮಿಡ್‌ವೈಫ್ ಮೊದಲ ಭೇಟಿಯಲ್ಲಿಯೇ ಹಿಂದಿನ ಹೆರಿಗೆಯ ಬಗ್ಗೆ ಕೇಳಿದರು. ಎಷ್ಟು ಗಂಟೆ ನೋವು ತಿಂದಿರಿ, ಮಗುವಿನ ತೂಕವೆಷ್ಟು ಎಂಬುದು ದಾಖಲೆಯಲ್ಲಿಯೇ ಇತ್ತು. ಅವರು ಕೇಳಿದ್ದು ಅದರಲ್ಲಿ ಯಾವುದು ಮತ್ತೆ ಆಗಬಾರದು ಎಂದು ನಿಮಗನ್ನಿಸುತ್ತದೆ ಎಂಬುದನ್ನು. ಒಳಪರೀಕ್ಷೆಗಳು, ಅಂದರೆ ಯೋನಿಯೊಳಗೆ ಬೆರಳಿಟ್ಟು ಮಾಡುವ ಪರೀಕ್ಷೆಗಳು ಎಂದು ನಾನು ಹೇಳಿದಾಗ ಅದನ್ನು ನನ್ನ ತಪಾಸಣೆ ಪುಸ್ತಕದ ಮೊದಲ ಪುಟದಲ್ಲಿಯೇ ಬರೆದು, ಬರೆದದ್ದನ್ನು ನನಗೆ ಓದಿ ಹೇಳಿದರು. ಮಗುವಿನ ಎದೆಬಡಿತ ಕೇಳುವ ಮುನ್ನ ಕೈ ಉಜ್ಜಿಕೊಂಡು ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು, ಆಮೇಲೆ ಎರಡೂ ಅಂಗೈಗಳಿಂದ ಮಗುವಿನ ಬೆನ್ನು ಎಲ್ಲಿದೆಯೆಂದು ಹುಡುಕಿ, ನನ್ನ ಕೈಯನ್ನೂ ಅಲ್ಲಿಗೆ ತಂದಿಡುತ್ತಿದ್ದರು. ಬಡಿತ ನಿಮಿಷಕ್ಕೆ 110ರಿಂದ 160ರೊಳಗೆ ಇದ್ದರೆ ಸಹಜ ಎಂಬುದನ್ನು ನಾನು ಕಲಿತದ್ದು ಹಾಗೆ. ಇದು ಸೌಜನ್ಯದ ಮಾತಷ್ಟೇ ಅಲ್ಲ. ಮಗುವಿನ ಮಿಸುಕಾಟ ಎಂದಿನಂತಿಲ್ಲ ಎಂದು ಮೊದಲು ತಿಳಿಯುವುದು ತಾಯಿಗೆ. ಅವಳು ಆ ಸಂದೇಹವನ್ನು ಹಿಂಜರಿಯದೆ ಹೇಳಬೇಕಾದರೆ, ಹಿಂದೆ ಅವಳು ಹೇಳಿದ ಮಾತುಗಳಿಗೆ ಯಾರೋ ಕಿವಿಗೊಟ್ಟಿರಬೇಕು.

ಇನ್ನು ಹೆರಿಗೆ. ನೋವು ಶುರುವಾದಾಗ ಬಾಗಿಲು ತೆರೆದವರು ನನಗೆ ಗೊತ್ತಿದ್ದವರು ಎಂಬುದೇ ಅರ್ಧ ನೆಮ್ಮದಿ ಕೊಟ್ಟಿತು. ಕೋಣೆಯಲ್ಲಿ ಮಂಚವನ್ನು ಗೋಡೆಗೆ ಸರಿಸಿಟ್ಟಿದ್ದರು. ನಿಲ್ಲು, ನಡೆ, ಮಂಡಿಯೂರು, ಹೇಗೆ ಹಿತವೋ ಹಾಗಿರು ಎಂಬುದನ್ನು ಕೋಣೆಯೇ ಹೇಳುತ್ತಿತ್ತು. ಜೊತೆಗೆ ಯಾರಿರಬೇಕೆಂದು ನಾನೇ ಆರಿಸಿಕೊಂಡಿದ್ದೆ. ಬಾಯಾರಿದಾಗ ನೀರು ಕುಡಿಯುವುದಕ್ಕೆ ಅನುಮತಿ ಕೇಳಬೇಕಾಗಿರಲಿಲ್ಲ. ಮೊದಲ ಹೆರಿಗೆಯಲ್ಲಿ ಇದ್ಯಾವುದೂ ಇರಲಿಲ್ಲ ಎಂಬುದನ್ನು ನೆನೆದರೆ ಈಗಲೂ ಬೇಸರವಾಗುತ್ತದೆ, ಏಕೆಂದರೆ ಇವುಗಳಲ್ಲಿ ಒಂದಕ್ಕೂ ಹೊಸ ಯಂತ್ರ ಬೇಕಿಲ್ಲ.

ಒಳಪರೀಕ್ಷೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹೆರಿಗೆಯ ಸಕ್ರಿಯ ಹಂತದಲ್ಲಿ ನಾಲ್ಕು ಗಂಟೆಗೊಮ್ಮೆ ಗರ್ಭಕೋಶದ ಬಾಯಿ ಎಷ್ಟು ತೆರೆದಿದೆಯೆಂದು ನೋಡಿದರೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ಹೇಳುತ್ತದೆ. ಸಕ್ರಿಯ ಹಂತ 5 ಸೆಂಟಿಮೀಟರಿನಿಂದ ಮೊದಲಾಗುತ್ತದೆ, ಎಲ್ಲ ಹೆಂಗಸರಲ್ಲಿಯೂ ಗಂಟೆಗೆ 1 ಸೆಂಟಿಮೀಟರ್ ತೆರೆದುಕೊಳ್ಳಲೇಬೇಕೆಂಬ ಹಳೆಯ ಲೆಕ್ಕವನ್ನು ಹಿಡಿದು ಅವಸರ ಮಾಡಬಾರದು ಎಂಬ ಮಾತೂ ಅದರಲ್ಲಿಯೇ ಇದೆ. ಮೊದಲ ಹೆರಿಗೆಯಲ್ಲಿ ಪಾಳಿ ಬದಲಾದಾಗಲೆಲ್ಲ ಬಂದವರು ತಾವೊಮ್ಮೆ ನೋಡಿದರು, ಕಲಿಯಲು ಬಂದವರೂ ನೋಡಿದರು, ಹೆಸರು ಹೇಳಿದವರು ಕಡಿಮೆ. ಒಬ್ಬರು ನೋವು ಏರುತ್ತಿರುವಾಗಲೇ ಕೈಯಿಟ್ಟರು, ತಡೆಯಿರಿ ಎಂದರೆ ಈಗ ಮುಗಿಯಿತು ಎಂದರು.

ತಂಡದ ಮಿಡ್‌ವೈಫ್ ನೋವು ಇಳಿಯುವವರೆಗೆ ಕಾದರು. ಆಮೇಲೆ ನನ್ನ ಮುಖದ ಎತ್ತರಕ್ಕೆ ಬಗ್ಗಿ, ಈಗ ಏಕೆ ನೋಡಬೇಕೆನ್ನಿಸುತ್ತಿದೆ, ನೋಡಿದರೆ ಏನು ತಿಳಿಯುತ್ತದೆ ಎಂಬುದನ್ನು ಹೇಳಿ, "ನೋಡಬಹುದೇ? ಮಧ್ಯದಲ್ಲಿ ಬೇಡವೆನ್ನಿಸಿದರೆ ಕೈಯೆತ್ತಿ, ನಿಲ್ಲಿಸುತ್ತೇನೆ" ಎಂದರು. ಒಮ್ಮೆ ನಾನು ಕೈಯೆತ್ತಿದೆ, ಅವರು ನಿಲ್ಲಿಸಿದರು. ಈ ಸೇವೆಯ ಬಗ್ಗೆ ನಾನು ಹೇಳಬೇಕಾದ ಮುಖ್ಯ ಮಾತು ಇದರೊಳಗೇ ಇದೆ. ಈಗ ಪರೀಕ್ಷೆ ಮಾಡುತ್ತೇನೆ ಎಂದು ತಿಳಿಸುವವರು ಎಲ್ಲ ಕಡೆಯೂ ಸಿಗುತ್ತಾರೆ. ಕೇಳಿ, ಉತ್ತರಕ್ಕೆ ಕಾದು, ಬೇಡವೆಂಬ ಉತ್ತರವನ್ನೂ ಉತ್ತರವೆಂದೇ ತೆಗೆದುಕೊಳ್ಳುವುದು ಬೇರೆಯೇ ಕಸುಬು. ಆರೈಕೆಯ ಗುಣಮಟ್ಟವನ್ನು ಅಳೆಯಲು ನನಗೆ ಇದಕ್ಕಿಂತ ನಂಬುವ ಅಳತೆಗೋಲು ಸಿಕ್ಕಿಲ್ಲ.

ಸಮಯವಿಲ್ಲದಾಗ ಇದೆಲ್ಲ ನಡೆಯುವುದಿಲ್ಲ ಎಂದು ಹೇಳುವವರಿದ್ದಾರೆ. ನನ್ನ ವಿಷಯದಲ್ಲಿ ಸಮಯವಿಲ್ಲದ ಗಳಿಗೆಯೂ ಬಂತು. ಮಗು ಹುಟ್ಟಿ, ನನ್ನ ಎದೆಯ ಮೇಲೆ ಮಲಗಿ, ಹೊಕ್ಕುಳಬಳ್ಳಿಯ ಮಿಡಿತ ನಿಂತ ಮೇಲೆ ಅದನ್ನು ಕತ್ತರಿಸಿ, ಮಾಸು ಬಿದ್ದಾದ ಮೇಲೆ ರಕ್ತ ಹೋಗುವುದು ಹೆಚ್ಚಾಯಿತು. ಅಲ್ಲಿಯವರೆಗೆ ಮೆಲ್ಲಗಿದ್ದ ಮಿಡ್‌ವೈಫ್ ದನಿ ಬದಲಾಯಿತು, ಆದರೆ ಏರಲಿಲ್ಲ. ರಕ್ತ ಹೆಚ್ಚು ಹೋಗುತ್ತಿದೆ, ಹೊಟ್ಟೆಯ ಮೇಲಿಂದ ಗರ್ಭಕೋಶವನ್ನು ಗಟ್ಟಿಯಾಗಿ ತಿಕ್ಕಬೇಕು, ನೋವಾಗುತ್ತದೆ, ಮಾಡುತ್ತಿದ್ದೇನೆ ಎಂದು ಒಂದೇ ಉಸಿರಿನಲ್ಲಿ ಹೇಳಿ ಶುರುಮಾಡಿದರು. ಕರೆಗಂಟೆ ಒತ್ತಿದ ಕೂಡಲೇ ಇನ್ನಿಬ್ಬರು ಬಂದರು. ಒಬ್ಬರು ಕೈಗೆ ಸೂಜಿ ಹಾಕಿ ಔಷಧಿ ಕೊಡುತ್ತಿದ್ದರೆ, ಇನ್ನೊಬ್ಬರು ನನ್ನ ತಲೆಯ ಬಳಿ ನಿಂತು ಏನೇನು ನಡೆಯುತ್ತಿದೆಯೆಂದು ಹೇಳುತ್ತ, ಮಗು ಜಾರದಂತೆ ಹಿಡಿದುಕೊಂಡಿದ್ದರು. ಹರಿದ ರಕ್ತವನ್ನು ಕಣ್ಣಂದಾಜಿಗೆ ಬಿಡದೆ, ಗುರುತುಗಳಿರುವ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಅಳೆದರು.

ಆ ಚೀಲದ ಮಹತ್ವ ನನಗೆ ಆಮೇಲೆ ಓದಿ ತಿಳಿಯಿತು. ಸಹಜ ಹೆರಿಗೆಯ ನಂತರ 500 ಮಿಲಿಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದರೆ ಅದನ್ನು ಅಧಿಕ ರಕ್ತಸ್ರಾವವೆಂದು ಪರಿಗಣಿಸುವುದು ರೂಢಿ. ಕಣ್ಣಂದಾಜಿನಲ್ಲಿ ಅದು ಎಷ್ಟೋ ಸಲ ಕಡಿಮೆಯೆಂದು ಕಾಣುತ್ತದೆ, ಅಷ್ಟರಲ್ಲಿ ಹೊತ್ತು ಮೀರುತ್ತದೆ. ಚೀಲದಲ್ಲಿ ಅಳೆದು ಬೇಗ ಗುರುತಿಸಿ, ತಿಕ್ಕುವುದು, ಗರ್ಭಕೋಶ ಬಿಗಿಯುವ ಔಷಧಿ, ರಕ್ತ ಹೆಪ್ಪುಗಟ್ಟಲು ನೆರವಾಗುವ ಟ್ರಾನೆಕ್ಸಾಮಿಕ್ ಆಸಿಡ್, ನಾಳದ ಮೂಲಕ ದ್ರವ, ರಕ್ತ ಎಲ್ಲಿಂದ ಬರುತ್ತಿದೆಯೆಂಬ ಪರೀಕ್ಷೆ ಇವೆಲ್ಲವನ್ನೂ ಒಂದಾದ ಮೇಲೊಂದು ಎಂದು ಕಾಯದೆ ಒಟ್ಟಿಗೇ ಮಾಡುವ ಕ್ರಮವನ್ನು ಇ-ಮೋಟಿವ್ ಎಂಬ ಅಧ್ಯಯನ ನಾಲ್ಕು ಆಫ್ರಿಕನ್ ದೇಶಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿತು. 2023ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆ, ಅದರಿಂದಾಗುವ ಸಾವು ಇವು ಒಟ್ಟಾರೆ ಶೇ. 60ರಷ್ಟು ಕಡಿಮೆಯಾದವು. ನನ್ನ ಕೋಣೆಯಲ್ಲಿ ನಡೆದದ್ದು ಅದೇ ಕ್ರಮ. ಅಷ್ಟು ಚುರುಕಾಗಿ ಕೆಲಸ ಮಾಡುತ್ತಿದ್ದವರು ನನ್ನೊಡನೆ ಮಾತು ನಿಲ್ಲಿಸಲಿಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ. ಗೌರವ ಬೇಕೋ ಪ್ರಾಣ ಬೇಕೋ ಎಂದು ಹೆಣ್ಣಿನ ಮುಂದೆ ಆಯ್ಕೆಯಿಡುವವರು ಇಂಥ ತಂಡವೊಂದರ ಕೆಲಸವನ್ನು ನೋಡಿಲ್ಲ.

ಮಗು ಹೊರಬರುವ ಹೊತ್ತಿನಲ್ಲಿ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಯೋನಿದ್ವಾರದ ಬಳಿ ಒತ್ತಿ ಹಿಡಿದಿದ್ದರು. ಆಳವಾದ ಸೀಳುಗಳು ಅದರಿಂದ ಕಡಿಮೆಯಾಗುತ್ತವೆ ಎಂಬುದಕ್ಕೆ ಆಧಾರವಿದೆ. ಮುಕ್ಕಿರಿ ಎಂದು ಕೂಗಲಿಲ್ಲ, ಮೈ ಹೇಳಿದಾಗ ಮುಕ್ಕಿದೆ. ಆದರೂ ಒಂದು ಚಿಕ್ಕ ಸೀಳಾಗಿ ಹೊಲಿಗೆ ಬೇಕಾಯಿತು. ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಅದು ಹಿಡಿಯುವವರೆಗೆ ಕಾದು, ಮುಟ್ಟಿ ಕೇಳಿ, ಆಮೇಲೆ ಹೊಲಿದರು. ಇದನ್ನು ವಿಶೇಷವೆಂದು ಬರೆಯಬೇಕಾಗಿ ಬಂದದ್ದೇ ವಿಷಾದದ ಸಂಗತಿ.

ವಿಶೇಷವೇಕೆ ಎಂದರೆ, ಎಷ್ಟೋ ಹೆಂಗಸರಿಗೆ ಇಷ್ಟೂ ಸಿಗುವುದಿಲ್ಲ. ಘಾನಾ, ಗಿನಿ, ಮ್ಯಾನ್ಮಾರ್, ನೈಜೀರಿಯಾ ದೇಶಗಳ ಹೆರಿಗೆ ಕೋಣೆಗಳಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸಂಶೋಧಕರು ಪಕ್ಕದಲ್ಲಿಯೇ ಇದ್ದು ಗಮನಿಸಿದ 2,016 ಹೆಂಗಸರಲ್ಲಿ 838 ಮಂದಿ ಹೊಡೆತ, ಬೈಗುಳ ಅಥವಾ ತಾರತಮ್ಯಕ್ಕೆ ಗುರಿಯಾಗಿದ್ದರು. ಒಳಪರೀಕ್ಷೆಗಳಲ್ಲಿ ಶೇ. 59ರಷ್ಟು, ಯೋನಿದ್ವಾರವನ್ನು ಕತ್ತರಿಸಿ ಅಗಲಿಸಿದ ಪ್ರಕರಣಗಳಲ್ಲಿ ಶೇ. 75ರಷ್ಟು ಅವರ ಒಪ್ಪಿಗೆಯಿಲ್ಲದೆಯೇ ನಡೆದಿದ್ದವು. ಚಿಕ್ಕ ವಯಸ್ಸಿನವರಿಗೂ ಕಡಿಮೆ ಓದಿದವರಿಗೂ ಅಪಾಯ ಹೆಚ್ಚಿತ್ತು. ದುರ್ವರ್ತನೆ ಹೆಚ್ಚಾಗಿ ನಡೆದದ್ದು ಮಗು ಹುಟ್ಟುವುದಕ್ಕೆ ಅರ್ಧ ಗಂಟೆ ಮೊದಲಿನಿಂದ ಹುಟ್ಟಿದ ಕಾಲು ಗಂಟೆಯವರೆಗೆ, ಅಂದರೆ ಹೆಣ್ಣು ಎದುರು ಮಾತಾಡಲು ಸ್ವಲ್ಪವೂ ಶಕ್ತಳಲ್ಲದ ಹೊತ್ತಿನಲ್ಲಿ. ಆ ಹೊತ್ತಿನಲ್ಲಿ ತನ್ನವರೊಬ್ಬರು ಪಕ್ಕದಲ್ಲಿರುವುದು ಏಕೆ ಅಗತ್ಯವೆಂಬುದಕ್ಕೆ ಬೇರೆ ವಿವರಣೆ ಬೇಕಾಗಿಲ್ಲ.

ನನ್ನೊಬ್ಬಳ ಅನುಭವವನ್ನು ಇಡೀ ವ್ಯವಸ್ಥೆಗೆ ಹೊಂದಿಸುವುದು ಸರಿಯಲ್ಲವಾದ್ದರಿಂದ ದೊಡ್ಡ ಲೆಕ್ಕವನ್ನೂ ಹೇಳುತ್ತೇನೆ. ಪರಿಚಿತ ಮಿಡ್‌ವೈಫ್‌ಗಳ ನಿರಂತರ ಆರೈಕೆಯನ್ನು ಇತರ ಕ್ರಮಗಳೊಡನೆ ಹೋಲಿಸಿ ನೋಡಿದ ಕಾಕ್ರೇನ್ ಪರಿಶೀಲನೆ, ಅಂದರೆ ಹಲವು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ತೂಗುವ ವರದಿ, 2024ರಲ್ಲಿ ಹೊಸದಾಗಿ ಬಂದಿದೆ. ಅದರಲ್ಲಿ 17 ಪ್ರಯೋಗಗಳು, 18,533 ಹೆಂಗಸರು. ನಿರಂತರ ಆರೈಕೆ ಪಡೆದವರಲ್ಲಿ ಸಿಸೇರಿಯನ್ ಮತ್ತು ಉಪಕರಣ ಬಳಸಿ ಮಗುವನ್ನು ಎಳೆಯುವುದು ಕಡಿಮೆ, ಸಹಜ ಹೆರಿಗೆ ಹೆಚ್ಚು, ಬಸಿರಿನ ಮತ್ತು ಹೆರಿಗೆಯ ಅನುಭವ ಚೆನ್ನಾಗಿತ್ತೆಂದು ಹೇಳಿದವರೂ ಹೆಚ್ಚು. ಅವಧಿಗೆ ಮುನ್ನ ಹೆರಿಗೆಯಾಗುವುದು ಕಡಿಮೆಯಾಗುತ್ತದೆಂದು ಹಿಂದಿನ ಆವೃತ್ತಿ ಹೇಳಿತ್ತು, ಹೊಸ ಲೆಕ್ಕದಲ್ಲಿ ಆ ವ್ಯತ್ಯಾಸ ಸ್ಪಷ್ಟವಾಗಿ ನಿಂತಿಲ್ಲ. ಈ ಪ್ರಯೋಗಗಳಲ್ಲಿ ಹೆಚ್ಚಿನವು ನಡೆದದ್ದು ಶ್ರೀಮಂತ ದೇಶಗಳಲ್ಲಿ ಎಂಬುದನ್ನೂ ಓದುವವರು ಗಮನದಲ್ಲಿಡಬೇಕು.

ಆಸ್ಪತ್ರೆಗಳು ತಮ್ಮ ಬಗ್ಗೆ ತಾವೇ ಸಂಗ್ರಹಿಸುವ ಅಭಿಪ್ರಾಯಗಳನ್ನು ನಾನು ಹೆಚ್ಚು ನೆಚ್ಚುವುದಿಲ್ಲ. ಮನೆಗೆ ಹೊರಡುವ ಹೊತ್ತಿನಲ್ಲಿ, ಆರೈಕೆ ಮಾಡಿದವರ ಎದುರಿನಲ್ಲಿಯೇ, ಮಗು ಮಡಿಲಲ್ಲಿರುವಾಗ ತೃಪ್ತಿಯಾಯಿತೇ ಎಂದು ಕೇಳಿದರೆ ಬಹುತೇಕ ಹೆಂಗಸರು ಹೌದೆನ್ನುತ್ತಾರೆ. ಮಗು ಚೆನ್ನಾಗಿದೆಯೆಂಬ ಸಮಾಧಾನ ಆ ಕ್ಷಣದಲ್ಲಿ ಉಳಿದೆಲ್ಲವನ್ನೂ ಮುಚ್ಚುತ್ತದೆ. ಅದಕ್ಕಿಂತ ಒಳ್ಳೆಯ ಆರೈಕೆ ಇರಬಹುದೆಂದು ಕಂಡಿಲ್ಲದವಳಿಗೆ ಹೋಲಿಸಲು ಇನ್ನೊಂದು ಇರುವುದಿಲ್ಲ. ನಾನೂ ಮೊದಲ ಹೆರಿಗೆಯ ನಂತರ ಆ ಕಾಗದದಲ್ಲಿ ಎಲ್ಲ ಕಡೆಯೂ ಉತ್ತಮ ಎಂದೇ ಗುರುತು ಹಾಕಿದ್ದೆ. ಬೇಸರ ಮೇಲೆದ್ದು ಬಂದದ್ದು ತಿಂಗಳುಗಳ ನಂತರ. ಬಸುರಿಯರಿಗೆ ಹೆರಿಗೆಯ ತಿಳಿವಳಿಕೆ ಕೊಡುತ್ತಿದ್ದ ಅಮೆರಿಕದ ಪೆನ್ನಿ ಸಿಮ್‌ಕಿನ್ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಹೆರಿಗೆಯಾಗಿ 15ರಿಂದ 20 ವರ್ಷ ಕಳೆದಿದ್ದ ಹೆಂಗಸರು ಅಂದಿನ ವಿವರಗಳನ್ನು ಅಚ್ಚರಿಯಾಗುವಷ್ಟು ಸ್ಪಷ್ಟವಾಗಿ ನೆನಪಿಟ್ಟುಕೊಂಡಿದ್ದರು. ತನ್ನನ್ನು ಹೇಗೆ ನಡೆಸಿಕೊಂಡರು ಎಂಬುದು ಅವರ ನೆನಪಿನಲ್ಲಿ ಎದ್ದು ನಿಂತಿತ್ತು. ನೋವು ಎಷ್ಟಿತ್ತು ಎಂಬುದಕ್ಕಿಂತ ಆರೈಕೆ ಮಾಡಿದವರೊಡನಿದ್ದ ಸಂಬಂಧ, ಅವರು ಕೊಟ್ಟ ಆಸರೆ, ನಿರ್ಧಾರಗಳಲ್ಲಿ ತನಗಿದ್ದ ಪಾಲು ಇವೇ ತೃಪ್ತಿಯನ್ನು ಹೆಚ್ಚಾಗಿ ನಿರ್ಧರಿಸುತ್ತವೆ ಎಂದು 2002ರ ಪರಿಶೀಲನೆಯೊಂದು ಕಂಡುಕೊಂಡಿತ್ತು. ಹಾಗಾಗಿ ತೃಪ್ತಿಯಾಯಿತೇ ಎಂಬ ಪ್ರಶ್ನೆಗಿಂತ, ನಿಮಗೆ ಬೇರೆ ದಾರಿಗಳನ್ನೂ ವಿವರಿಸಿದರೇ, ಯೋಚಿಸಲು ಸಮಯ ಕೊಟ್ಟರೇ, ನೀವು ಬೇಡವೆಂದಾಗ ಏನಾಯಿತು ಎಂದು ಕೇಳುವುದು ಉಪಯುಕ್ತ. ಅದನ್ನೂ ಕೆಲವು ತಿಂಗಳು ಬಿಟ್ಟು, ಆರೈಕೆ ಮಾಡದವರು ಕೇಳಬೇಕು.

ಇನ್ನು ಕೊರತೆಗಳು. ಬಾಣಂತನದ ಆರೈಕೆಯಲ್ಲಿ ಈ ತಂಡವೂ ಸೋತಿತು. ಹೆರಿಗೆಯ ಮೊದಲು ನನ್ನನ್ನು ಅಷ್ಟು ಜತನದಿಂದ ನೋಡಿಕೊಂಡವರು ಹೆರಿಗೆಯಾದ ಮೇಲೆ ಮಗುವಿನ ತೂಕವನ್ನೇ ಹೆಚ್ಚು ನೋಡತೊಡಗಿದರು. ಎದೆಹಾಲಿನ ವಿಷಯದಲ್ಲಿ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಲ್ಲಗಳೆದರು: ಮಗು ಕೇಳಿದಾಗಲೆಲ್ಲ ಹಾಲು ಕೊಡಿ ಎಂದು ಒಬ್ಬರು, ಗಂಟೆ ನೋಡಿ ಕೊಡಿ ಎಂದು ಮತ್ತೊಬ್ಬರು. ಮೊಲೆತೊಟ್ಟು ಬಿರಿದು ರಕ್ತ ಬರುತ್ತಿದ್ದಾಗ ಮಗುವಿನ ಬಾಯಿ ಹೇಗೆ ಹಿಡಿಯುತ್ತಿದೆಯೆಂದು ಕುಳಿತು ನೋಡಿದವರು ಯಾರೂ ಇರಲಿಲ್ಲ. ಹಾಗೆ ನೋಡುವುದಕ್ಕೆ ಒಂದು ಪೂರ್ತಿ ಹಾಲೂಡಿಕೆಯಷ್ಟು ಹೊತ್ತು ಬೇಕು, ಅಷ್ಟು ಹೊತ್ತು ಅವರ ಬಳಿ ಇರಲಿಲ್ಲ. ಹೊಲಿಗೆ ಉರಿಯುತ್ತಿದೆ ಎಂದಾಗ ಮೊದಮೊದಲು ಹಾಗೆಯೇ ಎಂಬ ಉತ್ತರ ಬಂತು, ಬಟ್ಟೆ ಸರಿಸಿ ನೋಡಿದ್ದು ನಾನು ಮತ್ತೆ ಒತ್ತಾಯಿಸಿದ ಮೇಲೆ.

ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯಂತೆ ಮೊದಲ 24 ಗಂಟೆಗಳ ಆರೈಕೆಯ ನಂತರ ಕನಿಷ್ಠ ಮೂರು ಸಲವಾದರೂ ತಾಯಿ ಮಗುವನ್ನು ನೋಡಬೇಕು: 48ರಿಂದ 72 ಗಂಟೆಗಳ ನಡುವೆ, 7ರಿಂದ 14ನೆಯ ದಿನದೊಳಗೆ, ಮತ್ತೆ ಆರನೆಯ ವಾರದಲ್ಲಿ. ಇವುಗಳಲ್ಲಿ ಮೊದಲನೆಯದೇ ನನಗೆ ತಪ್ಪಿಹೋಯಿತು. ಹಾಲು ಕಟ್ಟಿಕೊಂಡು ಮೊಲೆ ಬಿಗಿಯುವುದು, ಕಾರಣವಿಲ್ಲದೆ ಅಳು ಬರುವುದು, ನಿದ್ದೆ ಪೂರ್ತಿಯಾಗಿ ಹಾರಿಹೋಗುವುದು ಎಲ್ಲವೂ ಒಟ್ಟಿಗೆ ಬರುವುದು ಸರಿಸುಮಾರು ಆ ದಿನಗಳಲ್ಲಿಯೇ. ಮನಸ್ಸು ಹೇಗಿದೆಯೆಂದು ಕೇಳಿದ್ದು ಆರನೆಯ ವಾರದಲ್ಲಿ, ಬಾಣಂತಿಯರ ಖಿನ್ನತೆಯನ್ನು ಗುರುತಿಸಲು ಬಳಸುವ, ಹತ್ತು ಪ್ರಶ್ನೆಗಳಿರುವ ಎಡಿನ್‌ಬರೋ ಪ್ರಶ್ನಾವಳಿಯ ಮೂಲಕ. 1987ರಿಂದ ಬಳಕೆಯಲ್ಲಿರುವ ಒಳ್ಳೆಯ ಸಾಧನ ಅದು. ಆದರೆ ತುಂಬಿದ ಹಾಳೆಯನ್ನು ತಿರುಗಿಸಿ ನೋಡದೆ ಕಡತಕ್ಕೆ ಸೇರಿಸಿದರೆ ಆ ಹತ್ತು ಪ್ರಶ್ನೆಗಳಿಂದ ಯಾರಿಗೂ ಪ್ರಯೋಜನವಿಲ್ಲ. ಖಿನ್ನತೆಯಿಂದ ನರಳುವ ಬಾಣಂತಿ ತಾನಾಗಿ ಬಾಯಿಬಿಟ್ಟು ಹೇಳುವುದು ಅಪರೂಪ. ಈ ಕೊರತೆಯನ್ನು ನಾನು ಚಿಕ್ಕದೆಂದು ತೇಲಿಸಿಬಿಡಲಾರೆ.

ಇದರ ಹಿಂದಿನ ಕಾರಣವನ್ನೂ ಹೇಳದಿದ್ದರೆ ಮಿಡ್‌ವೈಫ್‌ಗಳಿಗೆ ಅನ್ಯಾಯವಾದೀತು. ಜಗತ್ತಿನಲ್ಲಿ 9 ಲಕ್ಷ ಮಿಡ್‌ವೈಫ್‌ಗಳ ಕೊರತೆಯಿದೆ ಎಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ, ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಮಿಡ್‌ವೈಫ್‌ಗಳ ಅಂತರರಾಷ್ಟ್ರೀಯ ಒಕ್ಕೂಟ ಸೇರಿ 2021ರಲ್ಲಿ ಹೊರತಂದ ವರದಿ ಹೇಳುತ್ತದೆ. ಇರುವವರ ಪೈಕಿ ಒಬ್ಬರು ರಜೆ ಹಾಕಿದರೆ ಹೆರಿಗೆ ಕೋಣೆಯನ್ನು ಖಾಲಿ ಬಿಡಲಾಗುವುದಿಲ್ಲ, ಬಾಣಂತಿಯ ಮನೆಯ ಭೇಟಿಯನ್ನು ಮುಂದೂಡುತ್ತಾರೆ. ಮೊದಲ ಹೆರಿಗೆಯಲ್ಲಿ ನನ್ನ ಮೇಲೆ ರೇಗಿದವರು ಅದೇ ಹೊತ್ತಿನಲ್ಲಿ ಇನ್ನೂ ಮೂವರನ್ನು ನೋಡಿಕೊಳ್ಳುತ್ತಿದ್ದರು ಎಂಬುದು ನನಗೆ ಗೊತ್ತು. ರೇಗಿದ್ದನ್ನು ಅದು ಸರಿಯೆನ್ನಿಸುವುದಿಲ್ಲ, ಆದರೆ ದೂರು ಯಾರ ಮೇಲೆ ಹೋಗಬೇಕು ಎಂಬುದನ್ನು ತಿಳಿಸುತ್ತದೆ. ಪರಿಚಿತ ಮುಖವೇ ಬರಬೇಕೆಂದು ನಾವು ಬಯಸುವಾಗ ಆ ಮುಖದ ಹಿಂದಿರುವವರು ರಾತ್ರಿ ಹಗಲೆನ್ನದೆ ಕರೆಗೆ ಸಿದ್ಧರಾಗಿರಬೇಕಾಗುತ್ತದೆ. ತಂಡ ತೀರ ಚಿಕ್ಕದಾದರೆ ಅವರು ಬಳಲಿ ಬಿಟ್ಟುಹೋಗುತ್ತಾರೆ. ನನ್ನ ತಂಡದಲ್ಲಿ ಎಲ್ಲ ಮಿಡ್‌ವೈಫ್‌ಗಳೂ ಪ್ರತಿಯೊಬ್ಬ ಹೆಣ್ಣನ್ನೂ ಬಸಿರಿನಲ್ಲಿಯೇ ಒಮ್ಮೆಯಾದರೂ ಭೇಟಿಯಾಗುವ ಪದ್ಧತಿಯಿತ್ತು, ಅದು ಒಳ್ಳೆಯ ಹೊಂದಾಣಿಕೆ.

ಇನ್ನೊಂದು ದುರ್ಬಲ ಕೊಂಡಿ ವೈದ್ಯರಿಗೆ ಒಪ್ಪಿಸುವ ಹಂತ. ರಕ್ತಸ್ರಾವ ನಿಂತ ಮೇಲೆ ನನ್ನನ್ನು ನಿಗಾಕ್ಕಾಗಿ ಬೇರೆ ವಾರ್ಡಿಗೆ ಕಳಿಸಿದಾಗ ಅಲ್ಲಿಯವರಿಗೆ ನನ್ನ ಪುಸ್ತಕದ ಮೊದಲ ಪುಟ ತಲುಪಿರಲಿಲ್ಲ, ಒಳಪರೀಕ್ಷೆಯ ಬಗ್ಗೆ ಬರೆದಿದ್ದ ಆ ಸಾಲನ್ನು ಯಾರೂ ಓದಿರಲಿಲ್ಲ. ಮಿಡ್‌ವೈಫ್ ನನ್ನ ಜೊತೆಗೇ ಬಂದು ಬಾಯಿಮಾತಿನಲ್ಲಿ ಹೇಳಿದ್ದರಿಂದ ಪರಿಸ್ಥಿತಿ ಸುಧಾರಿಸಿತು. ಅವಳಿ ಮಕ್ಕಳು, ಏರಿದ ರಕ್ತದೊತ್ತಡ, ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕುಳಿತ ಮಾಸು ಮುಂತಾದ ತೊಡಕುಗಳಿರುವವರಿಗೆ ವೈದ್ಯರ ಮುಂದಾಳುತನವೇ ಬೇಕು. ಅಂಥವರಿಗೂ ಪಕ್ಕದಲ್ಲೊಬ್ಬ ಪರಿಚಿತ ಮಿಡ್‌ವೈಫ್ ಇರುವುದಕ್ಕೆ ಅಡ್ಡಿಯೇನಿಲ್ಲ. ಇಬ್ಬರ ನಡುವೆ ಮಾತುಕತೆ ಸರಿಯಿಲ್ಲದ ಕಡೆ ಮಾತ್ರ ತೊಡಕಿರುವ ಹೆಣ್ಣು ಇಬ್ಬರಿಗೂ ಸೇರದವಳಾಗಿ ಉಳಿಯುತ್ತಾಳೆ.

ಇಷ್ಟೆಲ್ಲ ಹೇಳಿದ ಮೇಲೂ, ತೊಡಕಿಲ್ಲದ ಬಸಿರಿನವರು ಈ ಸೇವೆಯನ್ನು ಆರಿಸಿಕೊಳ್ಳಬಹುದೇ ಎಂದು ಕೇಳಿದರೆ, ಆರಿಸಿಕೊಳ್ಳಿ ಎಂದೇ ಹೇಳುತ್ತೇನೆ. ಆದರೆ ಸೇರಿಕೊಳ್ಳುವ ಮೊದಲು, ಹೆರಿಗೆಯ ಹೊತ್ತಿನಲ್ಲಿ ಒಬ್ಬ ಮಿಡ್‌ವೈಫ್ ಎಷ್ಟು ಜನರನ್ನು ನೋಡಿಕೊಳ್ಳುತ್ತಾರೆ, ನನ್ನ ಜೊತೆಗಿರುವವರನ್ನು ಯಾವುದಾದರೂ ಹಂತದಲ್ಲಿ ಹೊರಗೆ ಕಳಿಸುತ್ತೀರಾ, ಒಪ್ಪಿಸುವಾಗ ನೀವೂ ಜೊತೆಗೆ ಬರುತ್ತೀರಾ ಎಂದು ಕೇಳಿ ತಿಳಿದುಕೊಳ್ಳಿ. ಮನೆಗೆ ಹೋದ ಮೂರನೆಯ ದಿನ ನನ್ನನ್ನು ನೋಡಲು ಬರುವವರು ಯಾರು, ಅವರು ಬರದಿದ್ದರೆ ನಾನು ಯಾರಿಗೆ ಕರೆ ಮಾಡಬೇಕು ಎಂಬುದನ್ನು ಬಸಿರಿನಲ್ಲಿರುವಾಗಲೇ ಹೆಸರು ಸಮೇತ ನಿಮ್ಮ ಪುಸ್ತಕದಲ್ಲಿ ಬರೆಸಿಕೊಳ್ಳಿ. ಹೆರಿಗೆಯಾದ ಮೇಲೆ ಅದನ್ನು ಕೇಳಿ ಪಡೆಯುವಷ್ಟು ತ್ರಾಣ ನಿಮ್ಮಲ್ಲಿ ಇರುವುದಿಲ್ಲ.